ಹಳೆಯ ಶುಭಾಶಯ ಪತ್ರಗಳಲ್ಲಿ ಎಳ್ಳು ಬೀರಿದ್ದು

ಮೈಸೂರಿನ ಚಾಮುಂಡಿಪುರಂನಲ್ಲಿರುವ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಹೊಸ ವರ್ಷ, ಸಂಕ್ರಾಂತಿ, ದೀಪಾವಳಿ, ಕ್ರಿಸ್‌ಮಸ್‌ ಹಬ್ಬಗಳಿಗೆ ಬಂದ ಶುಭಾಶಯ ಪತ್ರಗಳು 200ಕ್ಕೂ ಹೆಚ್ಚಿದ್ದವು. ಅವನ್ನು ರದ್ದಿಗೆ ಹಾಕಲು ಅತ್ತೆಯವರಿಗೆ ಮನಸ್ಸಿರಲಿಲ್ಲ. ಎಳ್ಳು ಬೀರುವುದಕ್ಕೆಂದು ವರ್ಷವರ್ಷವೂ ಪ್ಲಾಸ್ಟಿಕ್ ಡಬ್ಬಿ ಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೊದಲು ನಾನು ಕೈಕಾಗದ ಮಾಡಲು ಹೊರಟೆ. ಪತ್ರಗಳನ್ನು ಹರಿದು ರಾತ್ರಿಯೆಲ್ಲ ನೆನೆಸಿ, ಹಳೆಯ ಮಿಕ್ಸಿಯಲ್ಲಿ ರುಬ್ಬಿ, ಮರದ ಚೌಕಟ್ಟಿಗೆ ಬಿಗಿದ ಜಾಲರಿಯಲ್ಲಿ ಸೋಸಿದಾಗ ತಿರುಳಿನ ತುಂಬ ಗ್ಲಿಟರ್ ಮಿನುಗುತ್ತಿತ್ತು. ಗ್ಲಿಟರ್ ಎಂಬುದು ಬಹುಪಾಲು ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರು; ಅದು ನೀರಿನಲ್ಲಿ ಕರಗುವುದಿಲ್ಲ. ಆ ನೀರನ್ನು ನಾನು ಬಚ್ಚಲಿಗೆ ಸುರಿದುಬಿಟ್ಟಿದ್ದೆ. ಈಗಲೂ ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿದೆ. ಅಲ್ಲದೆ ಕಾಗದವನ್ನು ಪ್ರತಿ ಸಲ ತಿರುಳು ಮಾಡಿದಾಗಲೂ ಅದರ ನಾರು ಗಿಡ್ಡವಾಗುತ್ತ ಹೋಗುತ್ತದೆಯಾದ್ದರಿಂದ, ಗಟ್ಟಿಯಾದ ರಟ್ಟನ್ನು ಆದಷ್ಟು ಕಾಲ ರಟ್ಟಾಗಿಯೇ ಬಳಸಿ, ಎಳ್ಳು ಬೀರುವ ಪೆಟ್ಟಿಗೆ ಮಾಡುವುದು ಮೇಲು ಎಂದು ನಿರ್ಧರಿಸಿದೆ.

ಈಗ ಪತ್ರಗಳನ್ನು ಮೊದಲು ವಿಂಗಡಿಸುತ್ತೇನೆ. ಮೂಲೆಯನ್ನು ಚೂರು ಹರಿದಾಗ ಬಿಳಿಯ ನಾರು ಕಂಡರೆ ಅದು ಬರೀ ಕಾಗದ. ತೆಳುವಾದ ಪೊರೆಯೊಂದು ಹರಿಯದೆ ಎಳೆದಂತೆ ಹಿಗ್ಗಿದರೆ ಲ್ಯಾಮಿನೇಷನ್ ಇದೆಯೆಂದು ಅರ್ಥ. ಹಾಡುವ ಪತ್ರಗಳೊಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ಅದನ್ನು ಬಿಡಿಸಿ, ಮಕ್ಕಳ ಕೈಗೆ ಸಿಗದಂತೆ ಇ-ತ್ಯಾಜ್ಯದ ಡಬ್ಬಿಗೆ ಹಾಕಲೇಬೇಕು.

ಚಿತ್ರವಿರುವ ಮುಂಭಾಗ ಪೆಟ್ಟಿಗೆಯ ಮುಚ್ಚಳವಾಗುತ್ತದೆ. ಅಕ್ಷರವಿರುವ ಹಿಂಭಾಗವನ್ನು ಅತ್ತೆಯವರು ತಮಗೇ ಬೇಕೆಂದರು. ಆದ್ದರಿಂದ ತಳಕ್ಕೆ ಮದುವೆಯ ಕರೆಯೋಲೆಗಳ ದಪ್ಪ ರಟ್ಟನ್ನು, ದೇವರ ಚಿತ್ರವಿಲ್ಲದ ಕಡೆ ನೋಡಿ, ಬಳಸುತ್ತೇನೆ. ತಳದ ಹಾಳೆಯನ್ನು ಮುಚ್ಚಳಕ್ಕಿಂತ ಉದ್ದಗಲಗಳಲ್ಲಿ 3 ಮಿಲಿಮೀಟರ್ ಕಡಿಮೆ ಕತ್ತರಿಸದಿದ್ದರೆ ಮುಚ್ಚಳ ಕೂರುವುದಿಲ್ಲ. ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ, ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಕೇಲಿಗೆ ಒತ್ತಿ ಗೆರೆ ಎಳೆದರೆ ರಟ್ಟು ಬಿರಿಯದೆ ಮಡಿಕೆ ನೇರವಾಗಿ ಬರುತ್ತದೆ. ಮೂಲೆಗಳಲ್ಲಿ ಸೀಳಿ, ಒಳಕ್ಕೆ ಮಡಚಿ, ಮೈದಾ ಅಂಟು ಹಚ್ಚಿ, ಬಟ್ಟೆಯ ಕ್ಲಿಪ್ ಹಾಕಿ ಒಣಗಲು ಬಿಡುತ್ತೇನೆ.

ಮೊದಲ ವರ್ಷ ಎಳ್ಳುಬೆಲ್ಲವನ್ನು ನೇರವಾಗಿ ರಟ್ಟಿನ ಮೇಲೇ ತುಂಬಿದ್ದೆ. ಸಂಜೆಯ ಹೊತ್ತಿಗೆ ಕೊಬ್ಬರಿಯ ಜಿಡ್ಡು ತಳವನ್ನೆಲ್ಲ ಕಲೆ ಮಾಡಿ, ಬೆಲ್ಲದ ಚೂರುಗಳು ಅಂಟಿಕೊಂಡಿದ್ದವು. ಮುದ್ರಣದ ಶಾಯಿ ತಿನ್ನುವ ಪದಾರ್ಥಕ್ಕೆ ತಾಗುವುದೂ ಸರಿಯಲ್ಲ. ಅಲ್ಲಿಂದೀಚೆಗೆ ಒಣ ಮುತ್ತುಗದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆದುವಾಗಿಸಿ, ಪೆಟ್ಟಿಗೆಯ ಅಳತೆಗೆ ಕತ್ತರಿಸಿ, ಚೆನ್ನಾಗಿ ಒರೆಸಿ ಆರಿಸಿ ಒಳಗೆ ಹಾಸುತ್ತಿದ್ದೇನೆ. ಮುಚ್ಚಳ ತೆಗೆದಾಗ ಎಲೆಯ ವಾಸನೆಯೊಂದಿಗೆ ಹುರಿದ ಎಳ್ಳಿನ ವಾಸನೆ ಬರುತ್ತದೆ. ಸಕ್ಕರೆ ಅಚ್ಚು ಇದರಲ್ಲಿ ಹಿಡಿಸುವುದಿಲ್ಲ. ಅದನ್ನು ಕಬ್ಬಿನ ಜೊತೆ ತಟ್ಟೆಯಲ್ಲೇ ಕೊಡುತ್ತೇನೆ.

ಗ್ಲಿಟರ್ ಮತ್ತು ಲ್ಯಾಮಿನೇಷನ್ ಇರುವ ಚೂರುಗಳನ್ನು ಕಾಗದದ ರದ್ದಿಯೊಂದಿಗೆ ಬೆರೆಸುವುದಿಲ್ಲ. ಉಳಿದ ಶುದ್ಧ ಕಾಗದದ ಚೂರುಗಳು ಬೇರೆ ಚೀಲದಲ್ಲಿ ರದ್ದಿಗೆ ಹೋಗುತ್ತವೆ.

ಕಳೆದ ಸಂಕ್ರಾಂತಿಗೆ ಕೊಟ್ಟ 42 ಪೆಟ್ಟಿಗೆಗಳಲ್ಲಿ 17 ಮರಳಿ ಬಂದಿವೆ. ಜಿಡ್ಡು ಹತ್ತಿದ ಎಲೆಗಳನ್ನು ಗೊಬ್ಬರದ ಕುಂಡಕ್ಕೆ ಹಾಕಿ, ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಅದೇ ಟ್ರಂಕಿನಲ್ಲಿ ಅತ್ತೆಯವರ ಪತ್ರಗಳ ಪಕ್ಕದಲ್ಲಿ ಜೋಡಿಸಿಟ್ಟಿದ್ದೇನೆ.