ಇಂಗ್ಲಿಷ್ ಪರೀಕ್ಷೆಯಲ್ಲಿ ಬಳಕೆಯ ತಪ್ಪು ಹಿಡಿಯುವುದು ಹೇಗೆ?

‘ತಪ್ಪಿರುವ ಭಾಗ ಗುರುತಿಸಿ’ ಎಂಬ ಪ್ರಶ್ನೆಯಲ್ಲಿ ಕಾಲ, ವಚನದ ತಪ್ಪನ್ನು ಥಟ್ಟನೆ ಹಿಡಿಯುವವರೂ ಪುಟ್ಟ ಪ್ರಿಪೊಸಿಷನ್ (‘ಟು’, ‘ಆಫ್’, ‘ಫ್ರಮ್’ನಂಥ ಪದ) ಮುಂದೆ ಎಡವುವುದನ್ನು ತುಂಬಾ ನೋಡಿದ್ದೇನೆ. ಕಿವಿಗೆ ಸರಿ ಅನ್ನಿಸಿದರೆ ಸಾಕು, ಮುಂದಕ್ಕೆ ಹೋಗಿಬಿಡುತ್ತಾರೆ. ಆದರೆ ಆ ಕಿವಿ ಪಳಗಿರುವುದು ಕನ್ನಡದಲ್ಲಿ, ಅಲ್ವಾ?

ಮೊದಲು ವಾಕ್ಯವನ್ನು ಪೂರ್ತಿ ಓದಿ. ಕರ್ತೃ, ಕ್ರಿಯಾಪದ ಹೊಂದುತ್ತವೆಯೇ ನೋಡಿ.

ಆಮೇಲೆ ಪ್ರತಿ ಪ್ರಿಪೊಸಿಷನ್‌ಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಅದು ಯಾವ ಪದಕ್ಕೆ ಅಂಟಿಕೊಂಡಿದೆ ಎಂದು ಕೇಳಿ. ಇಲ್ಲೇ ನಿಧಾನ ಬೇಕು. ‘ವಿಷಯದ ಬಗ್ಗೆ ಚರ್ಚಿಸು’ ಎನ್ನುವ ನಮಗೆ ‘ಡಿಸ್ಕಸ್ ಅಬೌಟ್’ ಸಹಜವಾಗಿ ಕೇಳಿಸುತ್ತದೆ. ಅಲ್ಲಿ ‘ಅಬೌಟ್’ ಬೇಡವೇ ಬೇಡ. ‘ನನಗಿಂತ ಹಿರಿಯ’ ಎನ್ನುವ ಅಭ್ಯಾಸದಿಂದ ‘ಸೀನಿಯರ್ ದ್ಯಾನ್ ಮಿ’ ಎನ್ನುತ್ತೇವೆ, ಬೇಕಾದದ್ದು ‘ಟು’. ‘ಪ್ರಿಫರ್ ಟೀ ಟು ಕಾಫಿ’ಯಲ್ಲೂ ಅಷ್ಟೇ. ‘ಇನ್ ಸ್ಪೈಟ್ ಆಫ್’ ನೆನಪಲ್ಲಿ ‘ಡಿಸ್ಪೈಟ್ ಆಫ್’ ಹುಟ್ಟಿಕೊಳ್ಳುತ್ತದೆ. ಆ ‘ಆಫ್’ ಹೊಡೆದುಹಾಕಿ.

ಪ್ರಶ್ನೆ ತಯಾರಿಸುವವರು ಜೋಡಿಪದಗಳ ನಡುವೆ ಉದ್ದದ ಮಾತು ತುರುಕುತ್ತಾರೆ: ‘ಶಿ ಈಸ್ ಕೇಪಬಲ್, ಡಿಸ್ಪೈಟ್ ಹರ್ ಏಜ್, ಟು ರನ್ ದಿ ಆಫೀಸ್.’ ಎರಡು ಅಲ್ಪವಿರಾಮಗಳ ನಡುವಿನದನ್ನು ಬೆರಳಿಂದ ಮುಚ್ಚಿ. ‘ಕೇಪಬಲ್ ಟು ರನ್’ ಎಂಬ ತಪ್ಪು ಬಯಲಾಗುತ್ತದೆ. ಸರಿಯಾದದ್ದು ‘ಕೇಪಬಲ್ ಆಫ್ ರನ್ನಿಂಗ್’.

‘ಟು’ ಇನ್ನೊಂದು ಕಡೆಯೂ ಕೈಕೊಡುತ್ತದೆ. ಅದರ ಮುಂದೆ ‘ಇಟ್’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಹೋಗುತ್ತದೆ, ಹಾಗಾಗಿ ಅಲ್ಲಿ ‘ಮೀಟ್’ ಅಲ್ಲ, ‘ಮೀಟಿಂಗ್’ ಬರಬೇಕು. ‘ಐ ವಾಂಟ್ ಟು ಇಟ್’ ಕೂರುವುದಿಲ್ಲ, ಅಲ್ಲಿ ‘ಮೀಟ್’ ಸರಿ. ಅಂದಹಾಗೆ, ಅಭ್ಯಾಸದ ವೇಳೆ ಸ್ಪೆಲ್‌ಚೆಕ್ ನೆಚ್ಚಿಕೊಳ್ಳಬೇಡಿ. ಎರಡರ ಕಾಗುಣಿತವೂ ಸರಿಯೇ ಇರುವುದರಿಂದ ಅದು ಸುಮ್ನೆ ಬಿಟ್ಟುಬಿಡುತ್ತದೆ.

ಜೋಡಿಗಳು ಸುಲಭ: ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಬಿಟ್ವೀನ್’ ಬಂದರೆ ‘ಆ್ಯಂಡ್’. ಎಣಿಸಬಹುದಾದದ್ದಕ್ಕೆ ‘ಫ್ಯೂವರ್’, ಆಗದ್ದಕ್ಕೆ ‘ಲೆಸ್’.

‘ಡಿಫರೆಂಟ್ ದ್ಯಾನ್’ ಅಮೆರಿಕದಲ್ಲಿ, ‘ಡಿಫರೆಂಟ್ ಟು’ ಬ್ರಿಟನ್ನಿನಲ್ಲಿ ಬಳಕೆಯಲ್ಲಿವೆ. ಪರೀಕ್ಷೆಯಲ್ಲಿ ಮಾತ್ರ ‘ಫ್ರಮ್’ ಬಿಟ್ಟು ಕದಲಬೇಡಿ.

ಬರೀ ಪಟ್ಟಿ ತುಂಬಿದ ಗೈಡುಗಳನ್ನು ಉರುಹೊಡೆಯಬೇಡಿ, ವಾರದಲ್ಲೇ ಮರೆತುಹೋಗುತ್ತದೆ. ನೀವು ತಪ್ಪಿದ ಪ್ರಶ್ನೆಯನ್ನೇ ಸರಿಪಡಿಸಿ, ಇಡೀ ವಾಕ್ಯವಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇಷ್ಟೆಲ್ಲಾ ನೋಡಿದ ಮೇಲೂ ಏನೂ ಸಿಗಲಿಲ್ಲವೇ? ‘ತಪ್ಪಿಲ್ಲ’ ಎಂಬುದೂ ಒಂದು ಉತ್ತರ. ಧೈರ್ಯವಾಗಿ ಗುರುತು ಹಾಕಿ.