ಆಷಾಢದಲ್ಲಿ ಪಂಕ್

ಕಲ್ಯಾಣ ಮಂಟಪದಲ್ಲಿ ಪಂಕ್ ರಾಕ್, ಅಂದರೆ ಕೂಗಿ ಹಾಡುವ ಚುಟುಕು, ವೇಗದ ರಾಕ್ ಹಾಡುಗಳನ್ನು ನುಡಿಸುತ್ತೇವೆ ಎಂದಾಗ ಬೆಂಗಳೂರಿನ ಬ್ಯಾಂಡ್‌ಗಳ ಗೆಳೆಯರು ನಕ್ಕಿದ್ದರು. ಅವರಲ್ಲೇ ಇಬ್ಬರು ಈಗ ಫೋನ್ ಮಾಡಿ ಮಂಟಪದ ಬಾಡಿಗೆ ವಿಚಾರಿಸುತ್ತಿದ್ದಾರೆ. ಪದೇ ಪದೇ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನಾವು ಮೈಸೂರಿನ ನಾಲ್ವರು. ಅಭ್ಯಾಸ ಮೇಟಗಳ್ಳಿಯ ಒಂದು ಲೇತ್ ಶೆಡ್ಡಿನಲ್ಲಿ, ಕೆಲಸಗಾರರು ಮನೆಗೆ ಹೋದ ಮೇಲೆ. ಮೊದಲ ಐದು ವರ್ಷ ಎಲ್ಲರಂತೆ ನಾವೂ ಪಬ್‌ಗಳ ಬಾಗಿಲು ಕಾದೆವು. ಒಂದು ಕಡೆ ಎಂಟು ಸಾವಿರಕ್ಕೆ ಒಪ್ಪಿ, ಕೊನೆಗೆ "ವ್ಯಾಪಾರ ಆಗಲಿಲ್ಲ" ಎಂದು ಮೂರು ಸಾವಿರ ಕೈಗಿಟ್ಟರು. ಟೆಂಪೊಗೇ ನಾಲ್ಕೂವರೆ ಸಾವಿರ ತೆತ್ತಿದ್ದೆವು.

ನಮ್ಮ ಡ್ರಮ್ಮರ್‌ನ ತಂದೆಯದು ಶಾಮಿಯಾನದ ವ್ಯವಹಾರ. ಒಂದು ಆಷಾಢದಲ್ಲಿ ಅವರು ಜಗುಲಿಯ ಮೇಲೆ ಕುಳಿತು, "ಮದುವೆ ಇಲ್ಲ, ಮಂಟಪಗಳಿಗೆಲ್ಲ ಬೀಗ, ಸೌಂಡ್‌ನವನಿಗೂ ಕೆಲಸವಿಲ್ಲ" ಎಂದು ಗೊಣಗುತ್ತಿದ್ದರು. ನನಗೆ ಹೊಳೆದದ್ದು ಆಗಲೇ. ಮದುವೆ ಕಾಲದಲ್ಲಿ ನಲವತ್ತು ಸಾವಿರದ ಮಂಟಪ ಆಷಾಢದಲ್ಲಿ ಆರೇಳು ಸಾವಿರಕ್ಕೆ ಇಳಿಯುತ್ತದೆ. ಧನುರ್ಮಾಸದಲ್ಲೂ ಅದೇ ಕಥೆ. ಮ್ಯಾನೇಜರನ್ನು ಒಪ್ಪಿಸಲು ನಾನು ಮೊದಲು ಹೇಳುವ ಮಾತೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಸಲ ಕುವೆಂಪುನಗರದ ಕಡೆ ಮಾಡಿ ಕೈಸುಟ್ಟುಕೊಂಡೆವು. ನಾನು ಆರಿಸಿದ್ದು ಆಷಾಢ ಶುಕ್ರವಾರ! ಊರಿಗೆ ಊರೇ ಚಾಮುಂಡಿ ಬೆಟ್ಟದಲ್ಲಿತ್ತು. ಬಂದವರು ಮೂವತ್ತೊಂದು ಜನ, ಅದರಲ್ಲಿ ಐವರು ಮನೆಯವರೇ. ಸುಮಾರು ಹನ್ನೊಂದು ಸಾವಿರ ಹೋಯಿತು. ಬೇಸ್ ನುಡಿಸುವವನು ಎರಡು ತಿಂಗಳು ಮಾತು ಬಿಟ್ಟ.

ಮಂಡ್ಯದಲ್ಲಿ ಕೈ ಹಿಡಿಯಿತು. ಟಿಕೆಟ್ ನೂರು ರೂಪಾಯಿ, ಅದರಲ್ಲೇ ಉಪ್ಪಿಟ್ಟು, ಕೇಸರಿಬಾತ್. ಮಂಟಪಕ್ಕೆ ಕರೆದು ಬರಿಹೊಟ್ಟೆಯಲ್ಲಿ ಕಳಿಸಬಾರದು ಎಂದು ಅಮ್ಮ ಹಟ ಹಿಡಿದದ್ದರಿಂದ ಹಾಗಾಯಿತು. ನೂರೈವತ್ತು ಜನ ಬಂದರು. ಹದಿನಾಲ್ಕು ಹಾಡು ಮೂವತ್ತೆರಡು ನಿಮಿಷದಲ್ಲಿ ಮುಗಿದವು. ಯಾರೂ ಏಳಲಿಲ್ಲ, ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದರು. ಅವೇ ಹದಿನಾಲ್ಕನ್ನು ಮತ್ತೆ ನುಡಿಸಿದೆವು, ಎರಡನೇ ಸಲವೇ ಚೆನ್ನಾಗಿ ಬಂತು. ಐದಕ್ಕೇ ಶುರು ಮಾಡುವುದರಿಂದ ರಾತ್ರಿ ಹತ್ತರ ಧ್ವನಿವರ್ಧಕದ ನಿಯಮದ ತಂಟೆಯೂ ಇಲ್ಲ. ಖರ್ಚೆಲ್ಲ ಕಳೆದು ಐದು ಸಾವಿರ ಉಳಿಯಿತು, ಅದೂ ಟೀ ಶರ್ಟ್‌ಗಳ ದಯೆಯಿಂದ.

ದೊಡ್ಡ ತಲೆನೋವು ಎಕೋ. ಆರ್ಕೆಸ್ಟ್ರಾಗಳಲ್ಲಿ ಪಳಗಿದ ಸೌಂಡ್‌ನವರ ಕೈ ತಾನಾಗಿಯೇ ಆ ಗುಂಡಿಗೆ ಹೋಗುತ್ತದೆ. ನನ್ನ ಕೂಗು ಬೆಟ್ಟಕ್ಕೆ ಬಡಿದು ಬಂದಂತೆ ಕೇಳುತ್ತಿತ್ತು. ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ ಒಂದು ಉಪಾಯ ಸಿಕ್ಕಿತು, ಅದೂ ಗುಟ್ಟು.

ಕನ್ನಡದಲ್ಲಿ ಪಂಕ್ ಒಗ್ಗುವುದಿಲ್ಲ ಎನ್ನುವವರಿಗೆ ಒಂದು ಮಾತು. ನಮ್ಮ ಪದಗಳು ಸ್ವರದಲ್ಲಿ ಮುಗಿದು ಎಳೆಯುತ್ತವೆ, ನಿಜ. ಒತ್ತಕ್ಷರ ಹುಡುಕಿ. ಹೊಟ್ಟೆ, ರೊಕ್ಕ, ಕಿತ್ತು, ಬಿಟ್ಟು ಇವೆಲ್ಲ ಸ್ನೇರ್ ಡ್ರಮ್ಮಿನ ಚುರುಕು ಏಟಿನ ಮೇಲೆ ಸರಿಯಾಗಿ ಕೂರುತ್ತವೆ. ತಮಟೆ ಸೇರಿಸಿಯೂ ನೋಡಿದೆವು. ಚರ್ಮ ಬಿಗಿಯಾಗಲು ಬೆಂಕಿಗೆ ಹಿಡಿಯಬೇಕು, ಅಂಗಳದಲ್ಲಿ ಹುಲ್ಲು ಹೊತ್ತಿಸಿದ್ದೇ ತಡ ಕಾವಲುಗಾರ ಬಕೆಟ್ ನೀರು ಸುರಿದ. ಮೂರು ಹಾಡಿನ ಹೊತ್ತಿಗೆ ತಮಟೆ ಸದ್ದೇ ಕಳೆದುಕೊಂಡಿತ್ತು. ಆದರೂ ಆ ದಾರಿ ಬಿಟ್ಟಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಪಂಕ್ ಬ್ಯಾಂಡ್ ಬಝ್‌ಕಾಕ್ಸ್‌ನವರು 1977ರಲ್ಲಿ ಸುಮಾರು ಐನೂರು ಪೌಂಡ್ ಸಾಲ ಮಾಡಿ ಮೊದಲಿಗೆ ಸಾವಿರ ಪ್ರತಿ ರೆಕಾರ್ಡ್ ತಾವೇ ಹೊರತಂದರು. ಅದನ್ನು ಓದಿ ಹುಮ್ಮಸ್ಸಿನಲ್ಲಿ ನಾವು ನೂರು ಕ್ಯಾಸೆಟ್ ಮಾಡಿಸಿದೆವು. ಪ್ಲೇಯರ್ ಯಾರ ಮನೆಯಲ್ಲೂ ಇಲ್ಲ ಎಂಬುದು ಆಮೇಲೆ ಹೊಳೆಯಿತು. ಅರವತ್ತರಷ್ಟು ಇನ್ನೂ ನನ್ನ ಮಂಚದ ಕೆಳಗಿವೆ.

ಈ ಆಷಾಢಕ್ಕೆ ಮೂರು ಮಂಟಪ ಹೇಳಿದ್ದೇವೆ. ಒಂದರ ಮ್ಯಾನೇಜರ್ ಮುಂಗಡ ಎಣಿಸಿಕೊಂಡು ಒಂದೇ ಷರತ್ತು ಹಾಕಿದರು: "ಆ ವರದಕ್ಷಿಣೆ ಹಾಡು ಮಾತ್ರ ಬೇಡಪ್ಪ, ಶ್ರಾವಣದಲ್ಲಿ ನನಗೆ ಮದುವೆಗಳು ಬರಬೇಕು." ಅವರು ಸಂಜೆ ಕಾಫಿಗೆ ಹೋಗುವುದು ಐದೂಕಾಲಿಗಂತೆ. ಆ ಹಾಡು ಒಂದೂವರೆ ನಿಮಿಷದ್ದು.