ಗೇಮ್ ಕ್ಲಿಪ್‌ಗಳಿಗೆ ನಾನು ಹೆಸರಿಡುವ ರೀತಿ

ಓಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರಿಪ್ಲೇ ಬಫರ್ (ಈಗಷ್ಟೇ ಆಡಿದ ಕೊನೆಯ ಕ್ಷಣಗಳನ್ನು ಹಿಡಿದಿಡುವ ಸೌಲಭ್ಯ) ಆನ್ ಮಾಡಿಟ್ಟು ಆಡುವವರಿಗೆ ಕ್ಲಿಪ್ ಹಿಡಿಯುವುದು ಒಂದು ಕೀ ಒತ್ತಿದಷ್ಟೇ ಸಲೀಸು. ತಲೆನೋವು ಆಮೇಲಿನದು. ಫೋಲ್ಡರ್ ತೆರೆದರೆ ‘ರಿಪ್ಲೇ’ ಅಂತ ಶುರುವಾಗಿ ದಿನಾಂಕ, ಗಂಟೆ, ನಿಮಿಷಗಳಲ್ಲಿ ಮುಗಿಯುವ ಹೆಸರುಗಳ ಸಾಲು. ಯಾವುದರಲ್ಲಿ ಏನಿದೆ ಅಂತ ತಿಳಿಯಲು ಒಂದೊಂದನ್ನೂ ಓಡಿಸಿಯೇ ನೋಡಬೇಕು.

ಫೋಲ್ಡರಿನೊಳಗೆ ಫೋಲ್ಡರ್ ಕಟ್ಟುವುದು ನನಗೆ ಒಗ್ಗುವುದಿಲ್ಲ. ಒಂದೇ ಕ್ಲಿಪ್ ಕ್ಲಚ್ (ಸೋಲುವಂತಿದ್ದ ಆಟವನ್ನು ಕೊನೆಗಳಿಗೆಯಲ್ಲಿ ಗೆದ್ದದ್ದು) ಕೂಡ ಹೌದು, ತಮಾಷೆಯೂ ಹೌದು ಅಂದರೆ ಎಲ್ಲಿ ಹಾಕೋದು? ಆಟಕ್ಕೊಂದು ಫೋಲ್ಡರ್, ಅಷ್ಟೇ. ಮಿಕ್ಕಿದ್ದನ್ನೆಲ್ಲ ಹೆಸರೇ ಹೇಳಬೇಕು. ವ್ಯಾಲೊರಂಟ್ ಎಂಬ ಶೂಟಿಂಗ್ ಆಟದ ಫೋಲ್ಡರಿನ ಒಂದು ಹೆಸರು ಹೀಗಿದೆ:

2025-02-16_21-40_ಅಸೆಂಟ್_ಕ್ಲಚ್_ಹೊಗೆಯೊಳಗೆ ಸ್ಪೈಕ್ ಡಿಫ್ಯೂಸ್_4

ಅಂದರೆ ದಿನಾಂಕ, ಗಂಟೆ–ನಿಮಿಷ, ಮ್ಯಾಪ್ (ಅಸೆಂಟ್), ಕ್ಲಿಪ್‌ನ ಬಗೆ, ವಿವರ, ಕೊನೆಗೆ ಐದಕ್ಕೆ ಇಷ್ಟು ಅಂತ ಅಂಕ. ಸ್ಪೈಕ್ ಅಂದರೆ ಈ ಆಟದ ಬಾಂಬು, ಡಿಫ್ಯೂಸ್ ಅಂದರೆ ಅದು ಸಿಡಿಯದಂತೆ ಮಾಡುವುದು. ವರ್ಷ ಮೊದಲು ಬಂದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲದ ಪ್ರಕಾರವೂ ಜೋಡಣೆಯಾಗುತ್ತದೆ. ಫೈಲಿನ ಜೊತೆ ಕಂಪ್ಯೂಟರ್ ತೋರಿಸುವ ದಿನಾಂಕವನ್ನು ನಾನು ನಂಬುವುದಿಲ್ಲ. ಕತ್ತರಿಸಿ ಸೇವ್ ಮಾಡಿದೊಡನೆ ಅದು ಬದಲಾಗುತ್ತದೆ. ಗಂಟೆ–ನಿಮಿಷದ ನಡುವೆ ಅಡ್ಡಗೆರೆ ಯಾಕೆಂದರೆ ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ಹಾಕುವಂತಿಲ್ಲ.

ಕ್ಲಿಪ್‌ನ ಬಗೆಗೆ ನನ್ನಲ್ಲಿರುವುದು ನಾಲ್ಕೇ ಪದ: ಕ್ಲಚ್, ಸೋಲು, ನಗು, ಬಗ್ (ಆಟದಲ್ಲಿನ ದೋಷ). ಐದನೆಯದು ಬೇಕೆನ್ನಿಸಿದರೂ ತಡೆದುಕೊಳ್ಳುತ್ತೇನೆ. ಇವತ್ತು ‘ಬಗ್’, ನಾಳೆ ‘ಗ್ಲಿಚ್’ ಅಂತ ಬರೆದರೆ ಹುಡುಕಿದಾಗ ಸಿಗುವುದು ಅರ್ಧವೇ. (ಹೆಚ್ಚು ತುಂಬಿರುವುದು ಯಾವುದು ಅಂತ ಕೇಳಬೇಡಿ. ಸೋಲು.) ಬಗ್ ಕ್ಲಿಪ್ ಆದರೆ ಆಟದ ಆವೃತ್ತಿ ಸಂಖ್ಯೆಯನ್ನೂ ಸೇರಿಸುತ್ತೇನೆ. ಅದಿಲ್ಲದೆ ಆಟ ತಯಾರಿಸಿದವರಿಗೆ ಕಳಿಸಿದರೆ ಅವರು ಕೇಳುವ ಮೊದಲ ಪ್ರಶ್ನೆಯೇ ಅದು.

ವಿವರದಲ್ಲಿ ‘ಸಖತ್’, ‘ಸೂಪರ್’ ಬರೆಯುವುದಿಲ್ಲ. ಮುಂದೆ ಹುಡುಕುವಾಗ ನನ್ನ ತಲೆಗೆ ಬರುವುದು ಹೊಗೆ, ಡಿಫ್ಯೂಸ್, ಬಾಗಿಲ ಹಿಂದೆ ನಿಂತವನು. ಆ ಪದಗಳೇ ಇರಬೇಕು. ಇದನ್ನು ಆಡಿದ ರಾತ್ರಿಯೇ ಬರೆದುಬಿಡಬೇಕು, ಬೆಳಗಾದರೆ ಯಾವ ರೌಂಡ್ ಅನ್ನೋದೇ ಮರೆತಿರುತ್ತದೆ. ಆದರೆ ಕೊನೆಯ ಅಂಕ ಮಾತ್ರ ಆ ರಾತ್ರಿ ಬೇಡ. ಗೆದ್ದ ಬಿಸಿಯಲ್ಲಿ ಎಲ್ಲಕ್ಕೂ ಐದಕ್ಕೆ ಐದು ಬೀಳುತ್ತದೆ. ವಾರ ಬಿಟ್ಟು ನೋಡಿ ಅಂಕ ಕೊಡುತ್ತೇನೆ. ಒಂದು, ಎರಡು ಬಿದ್ದವು ನೇರ ಕಸದ ಬುಟ್ಟಿಗೆ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 375 ಎಂಬಿ, ಗಂಟೆಗೆ 22 ಜಿಬಿ ದಾಟುತ್ತದೆ. ದಯೆ ತೋರಿಸಿದರೆ ಡಿಸ್ಕ್ ಉಳಿಯುವುದಿಲ್ಲ.

ಉಳಿದವುಗಳ ಹಿಂದುಮುಂದನ್ನು ಲಾಸ್‌ಲೆಸ್‌ಕಟ್ ಎಂಬ ವಿಡಿಯೋ ಕತ್ತರಿಸುವ ಸಾಫ್ಟ್‌ವೇರ್‌ನಲ್ಲಿ ತೆಗೆಯುತ್ತೇನೆ. ಮರು-ಎನ್‌ಕೋಡ್ (ವಿಡಿಯೋವನ್ನು ಮತ್ತೆ ಸಂಕುಚಿಸುವುದು) ಇಲ್ಲದ್ದರಿಂದ ಗುಣಮಟ್ಟ ಕೆಡುವುದಿಲ್ಲ, ಆದರೆ ಕತ್ತರಿ ಬೀಳುವುದು ಕೀಫ್ರೇಮ್ (ವಿಡಿಯೋದಲ್ಲಿ ಆಗಾಗ ಬರುವ ಪೂರ್ಣ ಚಿತ್ರ) ಇದ್ದಲ್ಲಿ. ಹಾಗಾಗಿ ಶುರುವಿನಲ್ಲಿ ಒಂದೆರಡು ಸೆಕೆಂಡ್ ಹೆಚ್ಚೇ ಉಳಿಸಿಕೊಳ್ಳಿ.

ಈ ಹೆಸರಿಡುವ ಕೆಲಸವೆಲ್ಲ ಎಡಿಟಿಂಗ್ ಪ್ರಾಜೆಕ್ಟಿಗೆ ಕ್ಲಿಪ್ ಎಳೆದುಕೊಳ್ಳುವ ಮೊದಲೇ ಮುಗಿದಿರಬೇಕು. ಟೈಮ್‌ಲೈನಿಗೆ (ಎಡಿಟಿಂಗ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಇಡುವ ಪಟ್ಟಿ) ಹೋದ ಮೇಲೆ ಹೆಸರು ಬದಲಿಸಿದರೆ ಸಾಫ್ಟ್‌ವೇರ್‌ಗೆ ಫೈಲ್ ಸಿಗದೆ, ಒಂದೊಂದನ್ನೂ ಮತ್ತೆ ಕೈಯಾರೆ ಜೋಡಿಸುತ್ತಾ ಕೂರಬೇಕಾಗುತ್ತದೆ.